ಎಂಬತ್ತೆಂಟರ ಗೆರೆ

ಫೆಬ್ರವರಿ ೩, ೨೦೨೫, ಸೋಮವಾರ. ಕಲ್ಯಾಣದುರ್ಗ

ಒಂಬತ್ತಕ್ಕೆ ಲ್ಯಾಬ್ ಬಾಗಿಲು ತೆಗೆದೆ. ಹದಿನಾಲ್ಕು ಕಂಪ್ಯೂಟರು, ಓಡುವುದು ಒಂಬತ್ತು. ಕಿಟಕಿ ಪಕ್ಕದ್ದು ನನ್ನದು. ಪ್ರೋಗ್ರಾಂ ಹಚ್ಚಿ ಪಾಠಕ್ಕೆ ಹೋದೆ. ಐದಕ್ಕೆ ಅಟೆಂಡರ್ ಮೇನ್ ಸ್ವಿಚ್ ಇಳಿಸಿದ. ಕಾಲು ಭಾಗವೂ ಆಗಿರಲಿಲ್ಲ.

ಒಂದು ಸುತ್ತಿಗೆ ನಾಲ್ಕು ದಿನ. ಒಂದು ತಪ್ಪು ಸಿಕ್ಕರೆ ಮತ್ತೆ ಮೊದಲಿನಿಂದ. ಲೇಬರ್ ಆಫೀಸಿನಲ್ಲಿ ಹಿಯರಿಂಗ್ ಮಾರ್ಚ್ ಮೂರಕ್ಕೆ.

ಬರೆದಿಡುತ್ತೇನೆ, ಕೋಪ ಆರಬಾರದು. ಹಿಂದೂಪುರದ ಗಾರ್ಮೆಂಟ್ಸ್ ಫ್ಯಾಕ್ಟರಿ. ನಾನೂರ ಹನ್ನೆರಡು ಹೆಂಗಸರು. ಮೂರು ವರ್ಷ ಅದೇ ಮಿಷಿನ್ನು, ಅದೇ ಸ್ಟೂಲು. ಆರು ತಿಂಗಳಿಗೊಮ್ಮೆ ಮಾತ್ರ ಹೊಸ ಗುತ್ತಿಗೆದಾರ, ಹೊಸ ಕಾರ್ಡು, ಹೆಸರಿಗೆ ಹೊಸ ಸ್ಪೆಲ್ಲಿಂಗು. ಕಾಗದದ ಮೇಲೆ ಎಲ್ಲರೂ ನಿನ್ನೆ ಸೇರಿದವರು! ಕಳ್ಳತನಕ್ಕೆ ಇಷ್ಟು ಅಚ್ಚುಕಟ್ಟು. ಪ್ರತಿ ವರ್ಷ ೨೪೦ ದಿನದ ಹಾಜರಿ ತೋರಿಸಿದವರ ಹೆಸರಲ್ಲೇ ಕಾಯಂ ನೌಕರಿ ಕೇಳುವುದು ಎಂದು ಅವರ ಸಂಘ ತೀರ್ಮಾನಿಸಿದೆ. ತೋರಿಸುವುದು ನನ್ನ ಕೆಲಸ. ಹನ್ನೊಂದು ಗುತ್ತಿಗೆದಾರರು, ಒಬ್ಬೊಬ್ಬರದೂ ದಿನಕ್ಕೊಂದು ಹಾಜರಿ ಫೈಲು, ಮೂರು ವರ್ಷಕ್ಕೆ ಹತ್ತು ಸಾವಿರದಷ್ಟು ಫೈಲು. ಪ್ರೋಗ್ರಾಂ ಹೆಸರು, ಗಂಡನ ಹೆಸರು, ಊರು ಹೋಲಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಎಂಬತ್ತೆಂಟು ದಾಟಿದರೆ ಇಬ್ಬರೂ ಒಬ್ಬಳೇ. ಆ ಗೆರೆ ಸುಮ್ಮನೆ ಎಳೆದದ್ದಲ್ಲ. ಇನ್ನೂರು ಹೆಂಗಸರನ್ನು ಎದುರು ಕೂರಿಸಿಕೊಂಡು ಕೇಳಿ ಕೇಳಿ ಎಳೆದದ್ದು.

ಅವರ ಜೊತೆ ಮೂರು ದಿನ ಫ್ಯಾಕ್ಟರಿ ಗೇಟಿನ ಮುಂದೆ ಧರಣಿ ಕೂತೆ. ಅದಕ್ಕೆ ಕಾಲೇಜಿನವರು ನನ್ನನ್ನು ಹಿಂದೂಪುರದಿಂದ ಇಲ್ಲಿಯ ಶಾಖೆಗೆ ಎಸೆದರು. ‘ಆಡಳಿತದ ಅನುಕೂಲಕ್ಕಾಗಿ’. ಆರು ತಿಂಗಳಾಯಿತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಇನ್ನೂ ಖಾಲಿ.

ಫೆಬ್ರವರಿ ೬

ಇವತ್ತು ಆಡಿದ ಮಾತೆಲ್ಲ ಮನೆ ಮಾಲೀಕರಾದ ಸರ್ವಮಂಗಳಮ್ಮನ ಜೊತೆಗೇ. ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

“ಮೇಷ್ಟ್ರಮ್ಮ, ಅದೇನೋ ಕಂಟೇನರ್ ಓಡುಸ್ತೀನಿ ಅಂತಿದ್ಯಲ್ಲ, ಹೈವೇನಾಗೆ ಹೋಯ್ತಾವಲ್ಲ, ಅವಾ?”

“ಅಲ್ಲಮ್ಮ. ಕಂಪ್ಯೂಟರ್ ಒಳಗೆ ಒಂದು ಡಬ್ಬಿ ಇದ್ದಂಗೆ. ಪ್ರೋಗ್ರಾಂಗೆ ಬೇಕಾದ್ದೆಲ್ಲ ಅದ್ರಲ್ಲೇ ಇರುತ್ತೆ. ಕೆಲಸ ಮುಗಿದ ಮೇಲೆ ಡಬ್ಬಿ ಬಿಸಾಕೋದು.”

“ಚಕ್ರ ಇಲ್ವಾ?”

“ಇಲ್ಲ.”

“ಮತ್ತೆ ಓಡುಸ್ತೀನಿ ಅಂತೀಯ! ನಿನ್ ಮಾತೆಲ್ಲ ಹಿಂಗೇ ಕಣಮ್ಮ. ಅದ್ಕೇ ಯಾರೂ ಬರಲ್ಲ ನಿನ್ ರೂಮ್ ತಾವ.”

ನಕ್ಕೆ. ಕೋಣೆಗೆ ಬಂದ ಮೇಲೂ ಆ ಕೊನೆಯ ಮಾತು ಬಿಡಲಿಲ್ಲ.

ಫೆಬ್ರವರಿ ೧೧

ಪೈಪೈ ಹಾಕಿದೆ. ನನ್ನ ಪ್ರೋಗ್ರಾಂ ಇರುವುದು ಪೈಥಾನ್ ಭಾಷೆಯಲ್ಲಿ, ಅದೇ ಕೋಡನ್ನು ಓದಿ ಓಡಿಸುವ ಇನ್ನೊಂದು ಇಂಟರ್‌ಪ್ರಿಟರ್ ಇದು. ಒಂದೇ ಕೆಲಸ ಮತ್ತೆ ಮತ್ತೆ ಬಂದರೆ ಗುರುತು ಹಿಡಿದು, ಮಷಿನ್ ಭಾಷೆಗೆ ಇಳಿಸಿಟ್ಟುಕೊಂಡು ಓಡುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಏನೂ ಇನ್‌ಸ್ಟಾಲ್ ಮಾಡುವಂತಿಲ್ಲ. ಸಿಲಬಸ್ಸಿನ ಪುಣ್ಯಕ್ಕೆ ಕಂಟೇನರ್ ತೆರೆಯುವ ಡಾಕರ್ ಇದೆ. ಹಾಗಾಗಿ ಎಲ್ಲ ಕಂಟೇನರಿನೊಳಗೇ. ಹೋಲಿಕೆಯ ಕೋಡು ಪೂರ್ತಿ ನನ್ನದು. ಹೆಸರು ಚೌ, ಸೌ, ಚವು ಹೇಗೆ ಶುರುವಾದರೂ ಒಬ್ಬಳೇ ಹೆಂಗಸು ಎಂದು ಯಾವ ರೆಡಿಮೇಡ್ ಲೈಬ್ರರಿಗೆ ಗೊತ್ತು? ಅದಕ್ಕೇ ಇಷ್ಟು ನಿಧಾನ.

ಹತ್ತು ಪಟ್ಟು ವೇಗ ಎಂದು ನೆಟ್ಟಿನಲ್ಲಿ ಬರೆದಿದ್ದರು. ಲೆಕ್ಕ ಹಾಕಿದರೆ ನಾಲ್ಕರ ಬದಲು ಮೂರೂವರೆ ದಿನ. ಅಷ್ಟೇ. ಥೂ.

ಫೆಬ್ರವರಿ ೧೩

ಸಿಕ್ಕಿತು. ತಪ್ಪು ನನ್ನದೇ.

ಒಂದು ಕೆಟ್ಟ ಫೈಲಿಂದ ಉಳಿದದ್ದು ನಿಲ್ಲಬಾರದು ಅಂತ ಫೈಲಿಗೊಂದು ಹೊಸ ಕಂಟೇನರ್ ತೆರೆಯುತ್ತಿದ್ದೆ. ಪೈಪೈ ಪ್ರತಿ ಸಲ ತಣ್ಣಗೆ ಶುರು. ಕೆಲಸದ ಗುರುತು ಹತ್ತಿ ಬಿಸಿಯಾಗುವ ಹೊತ್ತಿಗೆ ಫೈಲು ಮುಗಿದು ಕಂಟೇನರ್ ಕಸಕ್ಕೆ. ಮುಂದಿನದು ಮತ್ತೆ ತಣ್ಣಗೆ. ಹತ್ತು ಸಾವಿರ ಸಲ! ಫ್ಯಾಕ್ಟರಿಯವರು ಹೆಂಗಸರಿಗೆ ಮಾಡಿದ್ದನ್ನೇ ನಾನು ಇದಕ್ಕೆ ಮಾಡುತ್ತಿದ್ದೆ. ಕೈ ಪಳಗುವಷ್ಟರಲ್ಲಿ ಕಾರ್ಡು ಬದಲು.

ಒಂದೇ ಕಂಟೇನರ್ ತೆರೆದು ಎಲ್ಲ ಫೈಲನ್ನೂ ಅದಕ್ಕೇ ಸಾಲಾಗಿ ಉಣಿಸಿದೆ. ಮೂರು ಗಂಟೆ ಹತ್ತು ನಿಮಿಷ.

ಮೂರು ಗಂಟೆ ಹತ್ತು ನಿಮಿಷ! ಯಾರಿಗಾದರೂ ಹೇಳಬೇಕು ಅನಿಸಿತು. ಫೋನ್ ಹಿಡಿದು ಹೆಸರು ಹುಡುಕಿದೆ… ಕೆಳಗಿಟ್ಟೆ.

ಫೆಬ್ರವರಿ ೧೮

ದಿನಕ್ಕೆರಡು ಸುತ್ತು ಓಡಿಸಿದೆ. ಸ್ಪೆಲ್ಲಿಂಗು ತಿದ್ದಿದೆ, ಮತ್ತೆ ಓಡಿಸಿದೆ. ನಾನೂರ ಹನ್ನೊಂದು ಜನರ ಮೂರೂ ವರ್ಷ ಕೂಡಿಕೊಂಡಿತು. ಒಬ್ಬೊಬ್ಬಳಿಗೂ ಆರು ಹೆಸರು ಕೊಟ್ಟಿದ್ದರು. ಆರನ್ನೂ ಎಳೆದು ಒಂದು ಮಾಡಿದೆ.

ಒಬ್ಬಳದು ಆಗಲಿಲ್ಲ. ಚೌಡಕ್ಕನದು.

ಗೇಟಿನ ಮುಂದೆ ಮೊದಲು ಕೂತವಳು. ಆಮೇಲೆ ಕಳೆದ ವರ್ಷದ ಉಳಿದ ಐದು ತಿಂಗಳೂ ಹನ್ನೊಂದು ಗುತ್ತಿಗೆದಾರರೂ ಅವಳನ್ನು ಒಳಗೆ ಬಿಡಲಿಲ್ಲ. ಹಾಜರಿ ೧೭೧ ದಿನ. ಪ್ರೋಗ್ರಾಂ ತಪ್ಪಿಲ್ಲ. ಕೈಯಾರೆ ಎಣಿಸಿದೆ. ಎರಡು ಸಲ ಎಣಿಸಿದೆ.

ಫೆಬ್ರವರಿ ೧೯

ಸಂಘದ ಕಾರ್ಯದರ್ಶಿ ಓಬುಳಪತಿ ಫೋನ್. ಚೌಡಕ್ಕನ ವಿಷಯ ಹೇಳಿದೆ.

“ಆ ಗೆರೆ ಎಂಬತ್ತಕ್ಕೆ ಇಳ್ಸಿದ್ರೆ?”

“ಚಿಲಮತ್ತೂರಿನ ಚೌಡಮ್ಮ ಅಂತ ಒಬ್ಬಳು ಬಂದು ಸೇರ್ಕೋತಾಳೆ. ಕಳೆದ ವರ್ಷ ಚೌಡಕ್ಕ ಹೊರಗಾದ ಮೇಲೆ ಸೇರಿ ಬಿಟ್ಟು ಹೋದೋಳು. ಅವಳ ದಿನ ಕೂಡಿದ್ರೆ ಇನ್ನೂರ ನಲವತ್ತೊಂಬತ್ತು.”

“ಸರೇ ಲೇ, ಸರಿಹೋಯ್ತಲ್ಲ! ಇಳ್ಸು ಮತ್ತೆ.”

“ಅವಳು ಬೇರೆ ಹೆಂಗಸು ಓಬುಳಪತಿ.”

“ಚೌಡಕ್ಕ ಇಲ್ದೆ ಯಾವ ಕೇಸಮ್ಮ? ಬಾವುಟ ಬಿಟ್ಟು ಕೋಲು ತಗಂಡ್ ಹೋಗನಾ?”

“ಒಂದು ಸುಳ್ಳು ಸಾಲು ಅವರ ವಕೀಲನ ಕೈಗೆ ಸಿಕ್ಕರೆ ನಾನೂರ ಹನ್ನೊಂದೂ ಕಸ.”

“ನೀನು ಬರೇ ಮಿಷಿನ್ ನೋಡ್ತೀಯ” ಎಂದು ಇಟ್ಟುಬಿಟ್ಟ.

ಫೆಬ್ರವರಿ ೨೩, ಭಾನುವಾರ. ಹಿಂದೂಪುರ

ಮೊದಲ ಬಸ್ಸಿಗೆ ಬಂದೆ. ಚೌಡಕ್ಕನ ಮುಖ ನೋಡಿ ಹೇಳಬೇಕು ಅಂತ. ಓಬುಳಪತಿ ಅವಳಿಗೆ ಆಗಲೇ ಹೇಳಿಬಿಟ್ಟಿದ್ದ, ಚಿಲಮತ್ತೂರಿನವಳ ವಿಷಯವನ್ನೂ.

“ಬಂದ್ಯಾ ಗಂಗಮ್ಮ? ಎಲ್ರುದೂ ಸಿಕ್ಕಿ ನಂದೊಂದೇ ಸಿಗ್ಲಿಲ್ವಂತೆ. ನಾನೇನ್ ದೆವ್ವನಾ, ನಿನ್ ಮಿಷಿನ್ ಕಣ್ಣಿಗೆ ಕಾಣ್ದೇ ಇರಕ್ಕೆ?”

ತಟ್ಟೆಗೆ ಮುದ್ದೆ ಹಾಕಿದಳು. ನಾನು ಉಂಡು ತಟ್ಟೆ ತೊಳೆದೆ. ಆಮೇಲೆ—

“ಮೊದ್ಲು ಕುಂತೋಳು ನಾನು. ಮನೆಮನೆಗೆ ಹೋಗಿ ಇವ್ರನ್ನೆಲ್ಲ ಎಳ್ಕೊಂಬಂದೋಳು ನಾನು. ಈಗ ಇವ್ರೆಲ್ಲ ಕಾಯಂ ಆಗಿ ಒಳಿಕ್ಕೆ ಹೋಯ್ತಾರೆ, ನಾನು ಗೇಟ್ ತಾವೇ ನಿಂತ್ಕಬೇಕಾ?”

“ಆ ಎಪ್ಪತ್ತೆಂಟು ದಿನ ಬೇರೆಯವಳ ದುಡಿಮೆ ಚೌಡಕ್ಕ.”

“ಆ ಯಮ್ಮಂಗೇನ್ ನಷ್ಟ? ಬಿಟ್ಟೋಗವ್ಳೆ. ಮೂರು ವರ್ಷದಿಂದ ಅವ್ರು ನಂಗೆ ಇಲ್ಲದ್ ಹೆಸ್ರೆಲ್ಲ ಇಟ್ಟವ್ರೆ. ಇನ್ನೊಂದ್ ನೀನಿಟ್ರೆ ಏನಾಯ್ತದೆ? ಹಾಕಮ್ಮ.”

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಆಗುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಬಸ್ ಸ್ಟ್ಯಾಂಡಿನವರೆಗೂ ಬಂದು ಕೈಗೆ ಕಡ್ಲೆಕಾಯಿ ಪೊಟ್ಟಣ ಕೊಟ್ಟಳು. “ನಿನ್ ಬಿಟ್ರೆ ನಂಗ್ಯಾರವ್ರೆ ಓದ್ದೋರು” ಅಂದಳು.

ಫೆಬ್ರವರಿ ೨೬, ಶಿವರಾತ್ರಿ

ಕಾಲೇಜಿಗೆ ರಜೆ. ಬೀಗದ ಕೈ ಇಸಕೊಂಡು ಹೋದೆ. ಎಂಬತ್ತಕ್ಕೆ ಇಳಿಸಿ ಓಡಿಸಿದೆ.

ಓಡಿಸಿದೆ. ಇಲ್ಲಿ ಸುಳ್ಳು ಬರೆಯಲಾರೆ.

ಮೂರು ಗಂಟೆಗೆ ನಾನೂರ ಹನ್ನೆರಡು ಸಾಲು ಬಂತು. ಚೌಡಕ್ಕ, ೨೪೯ ದಿನ. ಬೇರೆ ಸಾಲುಗಳ ಹಾಗೇ ಇದೆ. ಕಂಟೇನರ್ ಅಳಿಸಿದರೆ ಗುರುತೂ ಉಳಿಯುವುದಿಲ್ಲ. ಒಂದು ಸುತ್ತಿಗೆ ನಾಲ್ಕು ದಿನ ಹಿಡಿಯುತ್ತಿದ್ದಾಗ ಈ ಯೋಚನೆಯೇ ಬರುತ್ತಿರಲಿಲ್ಲ. ಸುಳ್ಳಿಗೆ ಪುರುಸೊತ್ತು ಇರಲಿಲ್ಲ. ಈಗ ವೇಗವಿದೆ, ಬೇಕಾದ ಉತ್ತರ ಬರುವವರೆಗೂ ಓಡಿಸಬಹುದು.

ಆ ಚಿಲಮತ್ತೂರಿನವಳ ಸಾಲುಗಳನ್ನು ತೆಗೆದು ನೋಡಿದೆ. ಎಪ್ಪತ್ತೆಂಟು ದಿನ. ಒಂದು ದಿನ ಮಧ್ಯಾಹ್ನ ಹೊರಗೆ, ಮರುದಿನ ಗೈರು. ಕಾಯಿಲೆಯೋ, ಮಗುವೋ. ಅವಳೂ ಅದೇ ಸ್ಟೂಲಿನಲ್ಲಿ ಬೆನ್ನು ಮುರಿದುಕೊಂಡವಳೇ. ಅವರು ಒಬ್ಬಳನ್ನು ಆರು ಮಾಡಿದರು. ನಾನು ಇಬ್ಬರನ್ನು ಒಬ್ಬಳು ಮಾಡಬೇಕಂತೆ. ಅವಳನ್ನು ಅಳಿಸಬೇಕಂತೆ. ನಾನಂತೆ!

ಆ ಲಿಸ್ಟ್ ಅಳಿಸಿದೆ. ಮತ್ತೆ ಎಂಬತ್ತೆಂಟಕ್ಕೆ ಓಡಿಸಿ ಪ್ರಿಂಟ್ ತೆಗೆದೆ. ಚೌಡಕ್ಕನಿಗೆ ಫೋನ್ ಮಾಡಬೇಕು. ನಾಳೆ.

ಮಾರ್ಚ್ ೧

ಫೋನ್ ಮಾಡಿಲ್ಲ.

ಚೌಡಕ್ಕನ ಹೆಸರಲ್ಲಿ ಬೇರೆ ಹಾಳೆ ಟೈಪ್ ಮಾಡಿ ಲಿಸ್ಟ್ ಜೊತೆಗೆ ಕಳಿಸಿದ್ದೆ: ‘೧೭೧ ದಿನ ಹಾಜರಿ. ಉಳಿದ ಐದು ತಿಂಗಳು ಬಲವಂತವಾಗಿ ಗೇಟಿನ ಹೊರಗೆ.’ ಓಬುಳಪತಿ ವಾಪಸ್ ಕಳಿಸಿದ. ಅದು ಬೇರೆ ಕೇಸು, ಇದರಲ್ಲಿ ಬೆರೆಸಬೇಡ ಎಂದು ವಕೀಲರು ಹೇಳಿದರಂತೆ. ಜೊತೆಗೆ ಒಂದು ಸಾಲು: ಚೌಡಕ್ಕಂಗೆ ನೀನೇ ಹೇಳ್ಕೊ.

ಮಾರ್ಚ್ ೩, ಸೋಮವಾರ. ಹಿಂದೂಪುರ. ೯.೫೦

ಹಿಯರಿಂಗ್ ಹನ್ನೊಂದಕ್ಕೆ. ಲೇಬರ್ ಆಫೀಸಿನ ಎದುರಿನ ಬಯಲು. ಎಲ್ಲರೂ ಬಂದಿದ್ದಾರೆ. ಸಂಘದ ಯಾವ ಕಾಗದವೂ ಎಲ್ಲರ ಕಿವಿಗೆ ಬೀಳದೆ ಒಳಗೆ ಹೋಗುವುದಿಲ್ಲ. ನಿಂತು ಕೇಳಬೇಕು, ಹೆಸರು ಬಂದವಳು ಕೂರಬೇಕು. ತಯಾರಿಸಿದವಳೇ ಓದಬೇಕು.

‘ಅ’ದಿಂದ ‘ಗ’ದವರೆಗೆ ಓದಿದೆ. ತೊಂಬತ್ತು ಜನ ಕೂತರು. ಮೈಕಿನ ಬ್ಯಾಟರಿ ಹೋಯಿತು. ತರಲು ಹೋಗಿದ್ದಾರೆ. ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಚೌಡಕ್ಕ ಮುಂದಿನ ಸಾಲಲ್ಲಿ. ಇಸ್ತ್ರಿ ಮಾಡಿದ ಸೀರೆ. ಪಕ್ಕದವಳ ಭುಜ ಒತ್ತಿ ಕೂರಿಸುತ್ತಿದ್ದಳು. “ಕುಂತ್ಕಳೆ, ನಿನ್ನೆಸ್ರು ಬಂತು, ಇನ್ನೇನ್ ನೋಡ್ತೀಯ ಬಾಯ್ಬುಟ್ಕಂಡು!” ಸುತ್ತ ನಗು. ನನ್ನ ಕಡೆ ನೋಡಿ ತಲೆಯಾಡಿಸಿದಳು, ಇನ್ನೇನು ನನ್ನ ಸರದಿ ಎನ್ನುವಂತೆ.

ನಾನು ಹೇಳಿಲ್ಲ. ಐದು ದಿನ ಫೋನ್ ಕೈಯಲ್ಲೇ ಇತ್ತು.

ಮುಂದಿನ ಹಾಳೆ ತೆಗೆದಿದ್ದೇನೆ. ಚಂದ್ರಕಳಾ, ಚಿಕ್ಕಕ್ಕ, ಚಿನ್ನಮ್ಮ. ಅದರ ಕೆಳಗೆ ಜಯಮ್ಮ.

ಬ್ಯಾಟರಿ ಬಂತು. ಓಬುಳಪತಿ ಮೈಕು ಹಿಡಿದು ನನ್ನ ಕಡೆಗೇ ಬರುತ್ತಿದ್ದಾನೆ. ಚೌಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಿಂತಳು. ಮೊದಲು ಹೋಗಿ ಕಿವಿಯಲ್ಲಿ ಹೇಳಿಬಿಡಲೇ, ಅಥವಾ ಎಲ್ಲರ ಮುಂದೆ ಮೈಕಿನಲ್ಲೇ…