ತೊಳೆದ ಕೌದಿ

ಬನಹಟ್ಟಿ
14-11-2024

ರಾಜಿ ಅಕ್ಕನಿಗೆ ತಂಗಿ ವೈಶಾಲಿಯ ಶರಣು.

ಭಾನುವಾರ ಬೀಳಗಿಯಲ್ಲಿ ನಿನ್ನ ಮನೆಯಿಂದ ಊಟ ಕೂಡ ಮಾಡದೆ ಎದ್ದು ಬಂದವಳು ನಾಲ್ಕು ದಿನ ಸುಮ್ಮನಿದ್ದೆ. ತಪ್ಪು ನನ್ನದೇ. ಫೋನಿನಲ್ಲಿ ಹೇಳೋಣವೆಂದರೆ ಮನೆಯೊಳಗೆ ಸೀರೆ ನೇಯುವ ನಾಲ್ಕು ಲೂಮಿನ ಸಪ್ಪಳ, ಹೊರಗೆ ನಿಂತರೆ ಓಣಿಗೆಲ್ಲ ಕಿವಿ. ಅದಕ್ಕೇ ಕಾಗದ.

ಇಲ್ಲಿ ಹೇಗೋ ನಡೆದಿದೆ. ಲಕ್ವಾ ಹೊಡೆದ ಮಾವನವರು ಈಗ ಎಡಗೈಯಿಂದ ಗಂಜಿ ಕುಡಿಯುತ್ತಾರೆ. ಆದರೂ ಎತ್ತಿ ಕೂರಿಸಲು ನಾನೇ ಬೇಕು, ಇವರು ಲೂಮು ಬಿಟ್ಟು ಏಳುವಂತಿಲ್ಲ. ಇಲ್ಲದಿದ್ದರೆ ನನ್ನ ಗೌರೀಶನನ್ನು ಐದು ತಿಂಗಳಿಂದ ನಿನ್ನ ಮಡಿಲಲ್ಲಿ ಬಿಟ್ಟು ಇಲ್ಲಿ ಕೂರುತ್ತಿದ್ದೆನೇ?

ಬಾಗಲಕೋಟೆಯ ಡಾಕ್ಟರು ಹೇಳಿದ್ದು ನಿನಗೂ ನೆನಪಿರಬೇಕು. "ಏಳ ತಿಂಗಳಿಗೆ ಹುಟ್ಟಿದ ಕೂಸರಿ, ಶ್ವಾಸಕೋಶ ಇನ್ನೂ ಹಸಿ ಐತಿ. ರೋಗದ ಕೂಡ ಬಡದಾಡೋ ರಕ್ತದ ಬಿಳಿ ಕಣ ಅಲ್ಲಿ ಬಂದು ಕುಂತಾವ. ಕೆಲಸ ಮುಗದ್ರೂ ಹೊಳ್ಳಿ ಹೋಗವಲ್ಲವು. ಕಾಯಾಕ ಬಂದವ ತಾವ ಬಾವು ಎಬಸಾಕತ್ತಾವ. ಲೂಮಿನ ಹತ್ತಿ ಧೂಳ ಒಳಗ ಹೋತಂದ್ರ ಮತ್ತ ಕೆರಳತಾವ. ವರ್ಷ ತುಂಬೂತನಕ ಆ ಮನಿಗೆ ಒಯ್ಯಬ್ಯಾಡ್ರಿ."

ಆಗ ನೀನೇ ಮುಂದೆ ಬಂದು, "ನನ್ನ ಕಡೆ ಇರ್ಲಿ ಬಿಡ" ಎಂದೆ. ಆ ಉಪಕಾರ ಮರೆತಿಲ್ಲ. ಆದರೆ ಅಕ್ಕ, ನನಗೆ ಹೊಟ್ಟೆಕಿಚ್ಚು. ನಿನಗೆ ದಿನ ತುಂಬಿ ಹುಟ್ಟಿದ ಎರಡು ಗಟ್ಟಿಮುಟ್ಟಾದ ಮಕ್ಕಳಿದ್ದಾರೆ. ನನ್ನದು ಇರುವುದೊಂದು ಮುಕ್ಕಾಲು ಕೂಸು, ಅದೂ ನಿನ್ನ ಹೆಗಲ ಮೇಲೆಯೇ ನಿದ್ದೆ ಹೋಗಬೇಕೇ? ನಾನು ಎತ್ತಿಕೊಂಡರೆ ಕೆಮ್ಮುತ್ತಾನೆ, ನೀನು ಎತ್ತಿಕೊಂಡರೆ ಸುಮ್ಮನಾಗುತ್ತಾನೆ. ಭಾನುವಾರ ನನ್ನ ಕೂದಲಲ್ಲಿದ್ದ ಹತ್ತಿಯ ಎಳೆಯನ್ನು ನೀನು ಆರಿಸಿ ತೆಗೆದೆಯಲ್ಲ, ಆ ಕೈಯನ್ನು ಕಚ್ಚಬೇಕೆನಿಸಿತು.

ಮೇಲಾಗಿ ಆ ಕೌದಿ. ನನ್ನ ವಾಸನೆಯಾದರೂ ಅವನಿಗೆ ಗುರುತಿರಲಿ ಎಂದು, ಬಾಣಂತನದಲ್ಲಿ ಉಟ್ಟ ಸೀರೆಯನ್ನು ಒಗೆಯದೆ ಹೊಲಿದು ಕೊಟ್ಟಿದ್ದೆ. ನೀನು ನಗುತ್ತಾ, "ಧೂಳ ಇರತೈತಿ ಅಂತ ಮೂರ ಸಲ ಬಿಸಿನೀರಾಗ ಒಗದೇನಿ ನೋಡ" ಎಂದೆ.

"ನನ್ನನ್ನ ಒಗದ ಹಾಕಿದೆಲ್ಲ ಅಕ್ಕ! ನನ್ನ ಮಗನ್ನ ಕಸಗೊಂಡಿ" ಎಂದು ಚೀರಿ, ಮಗುವಿನ ಮೈಮೇಲಿದ್ದ ಕೌದಿ ಎಳೆದುಕೊಂಡು ಬಸ್ಸು ಹತ್ತಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಮಾಡಿದ್ದು ಸರಿ. ಸರಿಯಾಗಿರುವುದಕ್ಕೇ ನನಗೆ ಇನ್ನಷ್ಟು ಉರಿ.

ಭಾವನವರಿಗೆ ಶರಣು ಹೇಳು, ಮಕ್ಕಳಿಗೆ ಒಂದೊಂದು ಮುತ್ತು ಕೊಡು. ಶಿವ ನಿನ್ನ ಕೈ ತಣ್ಣಗಿಡಲಿ, ನನ್ನ ಗೌರೀಶನಿಗೆ ತುಂಬು ಉಸಿರು ಕೊಡಲಿ.

ನಿನ್ನ ತಂಗಿ,
ವೈಶಿ

ತಾ.ಕ.: ಮೊನ್ನೆ ನೀನು ಫೋನ್ ಮಾಡಿ, "ಕೌದಿ ಇಲ್ದ ಮಲಗವಲ್ಲ, ಎರಡ ದಿನ ಆತು ಅಳಾಕತ್ತಾನ, ಕಳಿಸ ತಂಗಿ" ಎಂದಾಗ ಲೂಮಿನ ಸಪ್ಪಳದಲ್ಲಿ ಏನೂ ಕೇಳಿಸುತ್ತಿಲ್ಲವೆಂದು ಇಟ್ಟುಬಿಟ್ಟೆ. ಎಲ್ಲ ಕೇಳಿಸಿತ್ತು. ಅವನ ಅಳುವೂ ಕೇಳಿಸಿತ್ತು. ನಿನ್ನ ಕೈಯಲ್ಲೂ ಸುಮ್ಮನಾಗುತ್ತಿಲ್ಲವಲ್ಲ ಎಂದು ಖುಷಿಪಟ್ಟೆ. ಹೆತ್ತವಳು ನಾನು, ಖುಷಿಪಟ್ಟೆ. ಆಮೇಲೆ ಆ ಅಳುವಿನ ನಡುವೆ ಅವನು ಕೆಮ್ಮಿದ.

ಒಂದು ದಿನ ಲೂಮು ನಿಲ್ಲಿಸಿ, ಈ ಕಾಗದದ ಜೊತೆ ಕೌದಿಯನ್ನು ಇವರ ಕೈಯಲ್ಲಿ ಕಳಿಸಿದ್ದೇನೆ. ಅದರಲ್ಲಿ ಅವನ ಹಾಲುವಾಸನೆ ಇತ್ತು, ನಾಲ್ಕು ದಿನ ಅದನ್ನೇ ಹೊದ್ದು ಮಲಗಿದ್ದೆ. ಆದರೆ ಲೂಮಿನ ಮನೆಯಲ್ಲಿ ಇದ್ದದ್ದಲ್ಲವೇ? ಬಿಸಿನೀರಿನಲ್ಲಿ ಮೂರು ಸಲ ನಾನೇ ಒಗೆದಿದ್ದೇನೆ.