ಬಾಣಲೆಗಳ ತೊಳೆವ ಚಿಕ್ಕಿ

ಸೋಮವಾರ, ಮಾರ್ಚ್ ೯

ಪ್ರೀತಿಯ ರೇಡಿಯೋ,

ಮೊದಲು ಬೈದು ಮುಗಿಸಿಬಿಡು, ಆಮೇಲೆ ಓದು. ನೀನು ಹಾಡಿನ ಮೇಲೆ ಹಾಡು ಕಳಿಸುತ್ತಲೇ ಇದ್ದೀಯ, ನಾನು ಒಂದಕ್ಕೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಸುಮ್ಮನಾಗಿದ್ದೇನೆ. ಹೋದ ವಾರ "ಇದ್ದೀಯೋ, ಹೋದ್ಯೋ?" ಎಂದು ಕೇಳಿದ್ದೆಯಲ್ಲ, ಇದ್ದೇನೆ ಕಣೇ. ಹೇಳಬೇಕಾದ್ದು ಫೋನಿನ ಆ ಪುಟ್ಟ ಅಕ್ಷರಗಳಲ್ಲಿ ಹಿಡಿಸುವಂಥದ್ದಲ್ಲ. ಫೋನು ಮಾಡೋಣ ಅಂದರೆ ನೀನು ಮಾತಾಡಲು ಬಿಡುವವಳಲ್ಲ. ಅದಕ್ಕೇ ಈ ಕಾಗದ.

ನಮ್ಮವರಿಗೆ "ಸ್ವಲ್ಪ ಹುಷಾರಿಲ್ಲ" ಎಂದಷ್ಟೇ ನಿನಗೆ ಹೇಳಿದ್ದೆ. ಸ್ವಲ್ಪ ಅಲ್ಲ. ಮಳೆಗಾಲ ಮುಗಿಯುತ್ತಿದ್ದಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ ಜಾರಿತು. ಎತ್ತಿಕೊಳ್ಳಲು ಕೈ ಬರಲಿಲ್ಲ, ಏನಾಯ್ತು ಅಂದರೆ ಮಾತು ಬರಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಕೈಕಾಲು ನಿಧಾನಕ್ಕೆ ದಾರಿಗೆ ಬಂದವು. ಈಗ ಮೆಟ್ಟಿಲು ಇಳಿಯುತ್ತಾರೆ, ಚಮಚ ಹಿಡಿಯುತ್ತಾರೆ. ಮಾತು ಮಾತ್ರ ಹೋದದ್ದು ಹೋಯಿತು. ಬಸ್ಸಿನಲ್ಲಿ ನಿಂತು ಆಯುಷ್ಯವೆಲ್ಲ ಕೂಗಿದ ಕಂಡಕ್ಟರು ಅವರು. ಡ್ರೈವರಿಗೆ ಬಸ್ಸು ಬಿಡು ಎಂದು ಕೂಗುತ್ತಿದ್ದರಲ್ಲ, "ರೈಟ್" ಅಂತ, ಆ ಒಂದೇ ಪದ ಬಾಯಲ್ಲಿ ಉಳಿಯಿತು.

ಊಟ ಬೇಕಾ ಅಂದರೆ ರೈಟ್, ಬೇಡ್ವಾ ಅಂದರೂ ರೈಟ್. ನೋವಾದರೆ ಮೆಲ್ಲಗೆ ರೈಟ್, ಸಿಟ್ಟು ಬಂದರೆ ಪಕ್ಕದ ಮನೆಯವರು ಇಣುಕಿ ನೋಡುವ ಹಾಗೆ ರೈಟ್. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಬಂದು, "ನಿಮಗೇನಾಗಿದೆ ಅಂತ ಗೊತ್ತಾ?" ಎಂದು ಕೇಳಿದರು. ಇವರು "ರೈಟ್" ಅಂದರು. ಡಾಕ್ಟರು "ವೆರಿ ಗುಡ್" ಎಂದು ಮುಂದಿನ ಮಂಚಕ್ಕೆ ಹೋದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಾಗ ಮಗ ಹೊರಗೆ ಕರೆದುಕೊಂಡು ಹೋದ.

ಆ ದಿನಗಳಲ್ಲಿ ನಿನ್ನ ಹಾಡು ಕೇಳುವುದಿರಲಿ, ತೆರೆದೂ ನೋಡುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೈ ಉರಿಯುತ್ತಿತ್ತು. ನಮ್ಮ ಮನೆ ಮೂಕವಾಗಿ ಕೂತಿರುವಾಗ "ಹೊಸಬ ಒಬ್ಬ ಸಿಕ್ಕಿದಾನೆ, ಇವನ ಕೊಳಲು ಕೇಳೇ, ಜೀವ ತಂಪಾಗುತ್ತೆ" ಎಂದು ನೀನು ಬರೆದರೆ ಇನ್ನೇನಾಗುತ್ತೆ? ನಿನಗೆ ವಿಷಯ ಗೊತ್ತಿರಲಿಲ್ಲ, ಬಿಡು. ಗೊತ್ತಿದ್ದರೂ ಕಳಿಸುತ್ತಿದ್ದೆ. ನಿನ್ನ ಸ್ವಭಾವವೇ ಅದು.

ಗಾರ್ಮೆಂಟ್ಸ್ ಫ್ಯಾಕ್ಟರಿಯ ಆ ಹೊಲಿಗೆ ಹಾಲ್ ನೆನಪಿದೆಯಾ? ಮಿಷಿನ್‌ಗಳ ಸದ್ದಿಗೆ ಪಕ್ಕದವಳು ಕಿರುಚಿದರೂ ಕೇಳಿಸುತ್ತಿರಲಿಲ್ಲ. ನೀನು ಕಾಲರ್ ಹೊಲಿಯುವ ಜಾಗದಿಂದ ಕತ್ತು ಚಾಚಿ, ಮೇಸ್ತ್ರಿ ಆ ಕಡೆ ತಿರುಗಿದ ಕೂಡಲೇ ನಿನ್ನೆ ಕೇಳಿದ ಹಾಡನ್ನು ನನ್ನ ಕಿವಿಗೆ ಸುರಿಯುತ್ತಿದ್ದೆ. ಅದಕ್ಕೇ ನೀನು ರೇಡಿಯೋ ಆದೆ. ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ನಾನು ಕಾಜಾ ಆದೆ. ನಮ್ಮ ನಿಜವಾದ ಹೆಸರು ಹಾಜರಿ ಕೂಗುವವರಿಗೇ ಮರೆತುಹೋಗಿತ್ತು.

ಆ ಗದ್ದಲದಲ್ಲಿ ಕಲಿತ ಹಾಡು ಹೇಗಿರುತ್ತೆ ಹೇಳು. ನೀನು ಹಾಡಿದ್ದು "ಬಾನಂಗಳದಿ ಹೊಳೆವ ಚುಕ್ಕಿ". ನಾನು ಕಲಿತದ್ದು "ಬಾಣಲೆಗಳ ತೊಳೆವ ಚಿಕ್ಕಿ". ಪಾಪ, ಯಾರದೋ ಚಿಕ್ಕಮ್ಮ, ತುಂಬಿದ ಮನೆಯಲ್ಲಿ ಪಾತ್ರೆ ತೊಳೆದು ತೊಳೆದು ಸಾಯುತ್ತಿದ್ದಾಳೆ ಎಂದು ಮರುಗುತ್ತಾ ಹಾಡುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಸಿಂಕಿನ ಮುಂದೆ ನಿಂತು ಅದನ್ನೇ ಗುನುಗುತ್ತಿದ್ದಾಗ ಇವರು ಕೇಳಿಸಿಕೊಂಡು, ಬಾಗಿಲಿಗೆ ಒರಗಿ ಕೆಮ್ಮು ಬರುವವರೆಗೆ ನಕ್ಕರು. ಅಂದಿನಿಂದ ನಾನು ಪಾತ್ರೆಗೆ ಕೈ ಹಾಕಿದರೆ ಸಾಕು, ಆ ಸಾಲು ಹಾಡಿ ನನ್ನನ್ನು ಕೆಣಕುವುದೇ ಅವರ ಕೆಲಸ. ಹಾಡು ಅಂತ ಅವರು ಬೇರೆ ಏನನ್ನೂ ಹಾಡಿದವರಲ್ಲ.

ಹೊಸ ವರ್ಷದ ಆಸುಪಾಸಿನಲ್ಲಿ ನೀನು ಆ ಗೊಗ್ಗರು ದನಿಯ ಹುಡುಗಿಯನ್ನು ಕಳಿಸಿದೆ. "ಹಗಲು ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡ್ತಾಳಂತೆ, ಸಂಜೆ ಅಡುಗೆಮನೇಲಿ ಕೂತು ಹಾಡಿ ಫೋನಿಗೆ ಹಾಕ್ತಾಳಂತೆ. ಕೇಳೋರೇ ಇಲ್ಲ ಪಾಪ. ನಮ್ಮ ಚುಕ್ಕಿ ಹಾಡನ್ನ ಹೇಗೆ ಎಳೆದು ಹಾಡಿದಾಳೆ ನೋಡು. ಕೇಳದೇ ಇದ್ರೆ ನೀನು ಹಾಕಿದ ಕಾಜಾ ಎಲ್ಲ ಬಿಚ್ಚಿಹೋಗ್ಲಿ" ಎಂದು ಶಾಪ ಬೇರೆ ಹಾಕಿದ್ದೆ. ಆ ಶಾಪಕ್ಕೆ ಹೆದರಿ ಕೇಳಿದೆ ಅಂತಲೇ ಇಟ್ಟುಕೋ.

ಬೆಳಗಿನ ತಿಂಡಿ ಮುಗಿದಿತ್ತು. ಇವರು ಮೇಜಿನ ಹತ್ತಿರ ಕೂತಿದ್ದರು. ನಾನು ಫೋನನ್ನು ಕಿಟಕಿಯಲ್ಲಿಟ್ಟು ತಟ್ಟೆ ತೊಳೆಯುತ್ತಿದ್ದೆ. ಹುಡುಗಿ ನಿಧಾನಕ್ಕೆ ಹಾಡುತ್ತಾ ಬಂದವಳು ಆ ಸಾಲಿಗೆ ಮುಂಚೆ ಉಸಿರೆಳೆದುಕೊಳ್ಳಲು ಒಂದು ಗಳಿಗೆ ನಿಂತಳು. ಆ ಸಂದಿನಲ್ಲಿ ನನ್ನ ಬೆನ್ನ ಹಿಂದಿನಿಂದ ಬಂತು, "ಬಾಣಲೆಗಳ ತೊಳೆವ ಚಿಕ್ಕಿ."

ಒಂದಕ್ಷರ ತೊದಲಲಿಲ್ಲ ಕಣೇ. ರಾಗವೂ ಸರಿಯಾಗಿತ್ತು, ತಪ್ಪೂ ಸರಿಯಾಗಿತ್ತು. ತಿರುಗಿ ನೋಡಿದರೆ ಅವರೇ ಬೆಚ್ಚಿಬಿದ್ದು ಕೂತಿದ್ದಾರೆ. ನಾನು ಸೋಪಿನ ಕೈಯಲ್ಲೇ ಅವರ ಮುಖ ಹಿಡಿದುಕೊಂಡು "ಇನ್ನೊಂದ್ಸಲ ಅನ್ನಿ" ಅಂದೆ. "ರೈಟ್" ಅಂದರು. ಹಾಡು ಮತ್ತೆ ಹಾಕಿದೆ. ಮತ್ತೆ ಹಾಡಿದರು. ಹಾಡುತ್ತಾ ಅತ್ತರು, ಅಳುತ್ತಾ ಹಾಡಿದರು. ತಟ್ಟೆಗಳು ಮಧ್ಯಾಹ್ನದವರೆಗೂ ಸಿಂಕಿನಲ್ಲೇ ಬಿದ್ದಿದ್ದವು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರ್ ಒಬ್ಬಳಿದ್ದಾಳೆ, ನಮ್ಮ ಸೊಸೆಯ ವಯಸ್ಸು. ವಿಷಯ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟಳು. "ಆಂಟಿ, ಮಾತು ಕೂರೋ ಜಾಗ ಬೇರೆ, ಹಾಡು ಕೂರೋ ಜಾಗ ಬೇರೆ. ಕೆಲವರಿಗೆ ಈ ಬಾಗಿಲು ಮುಚ್ಚಿದ್ರೂ ಆ ಬಾಗಿಲು ತೆಗೆದಿರುತ್ತೆ. ನಾನೂ ಏನೇನೋ ಹಾಡಿಸಿ ನೋಡ್ದೆ, ಅಂಕಲ್ ಬಾಯೇ ಬಿಡ್ಲಿಲ್ಲ. ಇನ್ನೂ ಹಾಡು ಬೇಕಲ್ಲ ನಮಗೆ, ಎಲ್ಲಿಂದ ತರ್ತೀರಾ?" ಎಂದು ಕೇಳಿದಳು. ನನ್ನ ಹತ್ತಿರ ಒಂದು ರೇಡಿಯೋ ಇದೆ, ಆರಿಸಿದರೂ ಆರುವುದಿಲ್ಲ ಎಂದೆ.

ಹೀಗೆ ನಾನು ಕೇಳದೆ ಬಿಟ್ಟಿದ್ದ ನಿನ್ನ ಹಾಡುಗಳನ್ನೆಲ್ಲ ಒಂದೊಂದಾಗಿ ತೆಗೆದೆವು. ದಿನಾ ತಿಂಡಿಯಾದ ಮೇಲೆ ಅದೇ ಹಾಡು, ಅದೇ ಸಾಲು, ಮೇಜಿನ ಮೇಲೆ ಕೈ ತಟ್ಟುತ್ತಾ. ನಿನ್ನ ಕೊಳಲಿನವನ ಗುಂಪಿನಲ್ಲಿ ಒಬ್ಬಳು "ನೀರು ತಾ, ತಣ್ಣೀರು ತಾ" ಎಂದು ಹಾಡುತ್ತಾಳಲ್ಲ, ಈಗ ಇವರಿಗೆ ಬಾಯಾರಿದರೆ ಅದೇ. ಹೊರಗೆ ಹೋಗಬೇಕಾದರೆ ಗಿಟಾರಿನ ಅಕ್ಕತಂಗಿಯರ "ಕದವ ತೆರೆ". ಮೊನ್ನೆ ನನ್ನ ತಮ್ಮ ನೋಡಲು ಬಂದವನು ಸಂಜೆಯಾದರೂ ಏಳದೆ ತಲೆ ತಿನ್ನುತ್ತಿದ್ದ. ಇವರು "ರೈಟ್, ರೈಟ್" ಎಂದು ಬಸ್ಸು ಬಿಟ್ಟು ನೋಡಿದರು, ಅವನು ಕದಲಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ನೀನು ಕಳಿಸಿದ ಆ ವಿರಹದ ಹಾಡನ್ನು ಎತ್ತಿಕೊಂಡರು, "ಹೋಗುವುದಾದರೆ ಈಗಲೇ ಹೋಗು". ನನ್ನ ತಮ್ಮ "ಭಾವನ ಕಂಠ ನೋಡಕ್ಕಾ" ಎಂದು ಚಪ್ಪಾಳೆ ತಟ್ಟಿ ಇನ್ನೊಂದು ಲೋಟ ಟೀ ಕೇಳಿದ.

ಟೀಚರ ಕೋಣೆಯ ಹೊರಗಿನ ಬೆಂಚು ಈಗ ನಮ್ಮ ಹೊಲಿಗೆ ಹಾಲ್‌ನಂತೆಯೇ ಆಗಿದೆ. ಕಾಯುತ್ತಾ ಕೂತವರೆಲ್ಲ "ನಿಮ್ಮ ಫ್ರೆಂಡು ಹೊಸದು ಏನು ಕಳ್ಸಿದಾರೆ?" ಎಂದು ನನ್ನ ಫೋನಿನ ಸುತ್ತ ಮುತ್ತುತ್ತಾರೆ. ಇವರ ಹಾಗೇ ಮಾತು ಹೋದ ಬಡಗಿಯೊಬ್ಬರು ಅಲ್ಲಿಗೆ ಬರುತ್ತಾರೆ. ಕೊಳಲಿನವನ ಹಾಡಿಗೆ ತಲೆಯಾಡಿಸುತ್ತಾ ಇದ್ದವರು ಹೋದ ವಾರ ಮಗಳತ್ತ ಕೈ ಚಾಚಿ "ಬಾ" ಎಂದು ರಾಗವಾಗಿ ಕರೆದರು. ಅವರ ಹೆಂಡತಿ ನನ್ನನ್ನು ತಬ್ಬಿಕೊಂಡರು. ಅದು ನಿನಗೆ ಸೇರಬೇಕಾದ್ದು, ನಾನು ನಡುವೆ ಇಟ್ಟುಕೊಂಡಿದ್ದೇನೆ.

ಗೊಗ್ಗರು ದನಿಯ ಹುಡುಗಿಗೂ ನಾನೇ ಎರಡು ಮಾತು ಬರೆದು ಕಳಿಸಿದೆ. ನಂಬಲಿಲ್ಲವೋ ಏನೋ, ಇವರು ಹಾಡುವುದನ್ನು ಕೇಳಿಸಿ ಎಂದಳು. ಕೇಳಿಸಿದೆ. ಆಮೇಲೆ ಅವಳಿಂದ ಬಂದದ್ದು ಇಷ್ಟು: "ಅಮ್ಮಾ, ಆ ಜಾಗದಲ್ಲಿ ಉಸಿರು ಸಾಲದೆ ನಿಂತಿದ್ದೆ, ಅದನ್ನ ತಿದ್ದಿ ಮತ್ತೆ ಹಾಡ್ಬೇಕು ಅಂತಿದ್ದೆ. ಈಗ ತಿದ್ದಲ್ಲ. ಅಂಕಲ್‌ಗೆ ಜಾಗ ಇರ್ಲಿ."

ನಿನಗೆ ಥ್ಯಾಂಕ್ಸ್ ಹೇಳಿ ಅಭ್ಯಾಸವಿಲ್ಲ, ಹೇಳಿದರೆ ನೀನು ನಗುತ್ತೀಯ. ಆದರೂ ಹೇಳುತ್ತೇನೆ. ನಾನು ಉತ್ತರ ಕೊಡದಿದ್ದರೂ ನೀನು ಮುನಿಸಿಕೊಂಡು ನಿಲ್ಲಿಸಲಿಲ್ಲವಲ್ಲ, ಅದಕ್ಕೆ. ಚಂದದ್ದು ಏನೇ ಸಿಕ್ಕರೂ ನಿನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಲ್ಲ, ಅದಕ್ಕೂ. ನೀನು ಒಂದು ಸಲ ಬೇಸರಪಟ್ಟು ಸುಮ್ಮನಾಗಿದ್ದರೆ ನಮ್ಮ ಮನೆಯಲ್ಲಿ ಇವತ್ತಿಗೂ ಒಂದೇ ಪದ ಇರುತ್ತಿತ್ತು.

ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೋ, ಸೋಮಾರಿತನ ಮಾಡಬೇಡ. ನಿನ್ನ ಮೊಮ್ಮಗಳ ಕಿವಿಗೂ ದಿನಕ್ಕೊಂದು ಹಾಡು ಬೀಳುತ್ತಿರಲಿ, ತಪ್ಪು ಕಲಿತರೂ ತಿದ್ದಬೇಡ. ಅವಳು ನೂರು ಕಾಲ ಚೆನ್ನಾಗಿರಲಿ, ನಿನ್ನ ದನಿ ಅವಳ ಮದುವೆಯವರೆಗೂ ಹೀಗೇ ಇರಲಿ.

ನಿನ್ನ
ಕಾಜಾ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಮ್ಮವರು ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಇವಳೇ" ಅನ್ನುವರು, "ಏ, ನೋಡಿಲ್ಲಿ" ಅನ್ನುವರು. ಒಮ್ಮೆ ಅವರದೇ ಬಸ್ಸು ಹತ್ತಿದ್ದಕ್ಕೆ "ಒಳಗೆ ನಡೀರಿ ಮೇಡಂ" ಅಂದರು. ಕರೆಯುತ್ತಾರಲ್ಲ, ಸಾಕು ಎಂದುಕೊಂಡಿದ್ದೆ. ಈಗ ಟೀಚರು ಪ್ರತಿ ಸಲ ನನ್ನ ಕಡೆ ಬೊಟ್ಟು ಮಾಡಿ "ಇವರ ಹೆಸರೇನು ಅಂಕಲ್?" ಎಂದು ಕೇಳುತ್ತಾಳೆ. ಅವರಿಗೆ ಗೊತ್ತು ಕಣೇ. ತುಟಿ ಅದುರುತ್ತೆ, ಕಣ್ಣು ತುಂಬುತ್ತೆ, ಕೊನೆಗೆ ಬರುವುದು ಅದೇ ರೈಟ್. ಹಾಡಿನಲ್ಲಿ ಇಲ್ಲದ್ದು ಬರುವುದು ಕಷ್ಟ ಎಂದಳು ಟೀಚರು. ನನ್ನ ಹೆಸರು ಯಾವ ಹಾಡಿನಲ್ಲೂ ಇಲ್ಲ, ಅಜ್ಜಿಯ ಕಾಲದ ಹೆಸರನ್ನು ಯಾರು ಹಾಡುತ್ತಾರೆ, ಹುಡುಕಿ ಸೋತೆ. ಅದಕ್ಕೆ ನೀನೇ ನಮ್ಮ ಹಾಡನ್ನು ಹಾಡಿ ಕಳಿಸು, ಚಿಕ್ಕಿ ಅನ್ನುವ ಕಡೆ ನನ್ನ ಹೆಸರು ಹಾಕು. ಅಳತೆ ನೋಡಿದ್ದೇನೆ, ಕೂರುತ್ತದೆ. ನಾನೇ ಹಾಡಿ ಹೇಳಿಕೊಡಬಹುದಿತ್ತು, ಆದರೆ ಅದು ಬೇಡಿ ತೆಗೆದುಕೊಂಡ ಹಾಗಾಗುತ್ತೆ. ಸಿಂಕಿನ ಮುಂದೆ ನಿಂತಿರುವಾಗ ಬೆನ್ನ ಹಿಂದಿನಿಂದ ಬರಲಿ. ಬಂದರೆ ನಾನು ತಿರುಗಿ "ರೈಟ್" ಅನ್ನುತ್ತೇನೆ.