ಹೊಸ್ತಿಲಾಚೆಯ ಒಡಪು

ಅಫಜಲಪುರ,
೧೨ ಫೆಬ್ರವರಿ ೧೯೯೮

ನನ್ನ ಮೇಲಿನ ಸಿಟ್ಟು ಇಳಿದಿದೆಯೋ ಇಲ್ಲವೋ ನನಗೆ ತಿಳಿಯದ ನಮ್ಮ ಮನೆಯವರಿಗೆ ಸುಭದ್ರೆಯ ಶರಣು.

ನೀವು ಹೈದರಾಬಾದಿನಿಂದ ಫೋನ್ ಮಾಡಿ ಹೇಳಿದ ಮಾತನ್ನು ಎಸ್‌ಟಿಡಿ ಬೂತಿನ ಖುರ್ಷಿದ ಮನೆಗೆ ಬಂದು ಮುಟ್ಟಿಸಿದಳು. "ಖೋಲಿ ಹಿಡದೀನಿ. ಬಾ." ಇನ್ನೇನಾದರೂ ಹೇಳಿದರಾ ಎಂದು ಕೇಳಿದೆ. "ಅಷ್ಟಽ ಅಕ್ಕಾ. ಹಲೋ ಅಂತ ಸುದ್ದಾ ಅನ್ನಲಿಲ್ಲ," ಎಂದಳು. ಅತ್ತೆಯವರು ರೊಟ್ಟಿ ಬಡಿಯುತ್ತಲೇ, "ಕರದಾನಲ್ಲ ಬೇ, ಇನ್ನೇನ್ ಮೆರವಣಿಗಿ ತರಬೇಕೇನು?" ಎಂದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ದಸರೆಯ ಮರುದಿನ, ಊರು ಬಿಟ್ಟು ಬರುವುದಿಲ್ಲ ಎಂದು ನಾನು ಹಟ ಹಿಡಿದಾಗ, "ಬರೂದಿದ್ರ ಬಾ, ಇಲ್ಲಂದ್ರ ಬಿಡು" ಎಂದು ಹೊರಟುಹೋದವರು ನೀವು. ಆ ಮಾತಿನಲ್ಲಿ ಸಿಟ್ಟಾದರೂ ಇತ್ತು. ಈ ಮಾತಿನಲ್ಲಿ ಏನಿದೆ? ನಿಮಗೆ ಹೆಂಡತಿ ಬೇಕಾಗಿದ್ದಾಳೋ, ರೊಟ್ಟಿ ಬಡಿಯುವವಳೋ? ಲಾರಿ ಬುಕಿಂಗ್ ಆಫೀಸಿನ ಸಾವ್ಕಾರರು ನಿಮ್ಮ ಸೊಂಟಕ್ಕೆ ಪೇಜರ್ ಸಿಗಿಸಿದ್ದಾರಂತೆ, "ಲೋಡ್ ಬಂತು, ಬಾ" ಎಂದು ಅದರಲ್ಲೇ ಕರೆಯುತ್ತಾರಂತೆ. ನನ್ನನ್ನೂ ಹಾಗೇ ಕರೆದಿರಾ?

ಉತ್ತರ ಕೊಡಲು ಬೂತಿಗೆ ಹೋದೆ. ಫೋನ್ ಎತ್ತಿದ ಪೇಜರ್ ಆಫೀಸಿನಾಕೆ ಯಾರಿಗೆ ಸಂದೇಶ ಎಂದು ಕೇಳಿದಳು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಗೆ ಹೇಳಲಿ? ಒಡಪು ಕಟ್ಟಿದೆ: "ಭೀಮಾ ಹೊಳಿ ನೀರ ಕುಡದು ಹೊಲಕ್ಕೆಲ್ಲ ಹಸಿರ, ಜಗದೇವಪ್ಪ ಅಂಬೂದು ನಮ್ಮನಿಯವರ ಹೆಸರ." ಆಕೆಗೆ ಕನ್ನಡ ಬಾರದು. ಖುರ್ಷಿದ ಬಿದ್ದು ಬಿದ್ದು ನಗುತ್ತ ಫೋನ್ ಕಸಿದುಕೊಂಡಳು. ಖೋಲಿಯ ಕಿಟಕಿ ಯಾವ ಕಡೆಗಿದೆ, ಅಕ್ಕಪಕ್ಕದಲ್ಲಿ ಮಾತಾಡಿಸುವವರು ಇದ್ದಾರಾ, ನಾನು ಬಂದರೆ ನಿಮಗೆ ಸಂತೋಷವಾಗುತ್ತದಾ ಎಂದೆಲ್ಲ ಕೇಳಲು ಹೇಳಿದೆ. "ಅಕ್ಕಾ, ಇಷ್ಟೆಲ್ಲ ಆ ಡಬ್ಬ್ಯಾಗ ಹಿಡಿಯಂಗಿಲ್ಲ," ಎಂದವಳೇ, ರೂಮ್ ಹೇಗಿದೆ ಎಂದಷ್ಟೇ ಉರ್ದುವಿನಲ್ಲಿ ಬರೆಸಿದಳು.

ಸಂಜೆಗೆ ಬೂತಿಗೆ ಫೋನಿನಲ್ಲಿ ಬಂದ ನಿಮ್ಮ ಉತ್ತರ: "ಛಲೋ ಅದ. ಬಾ."

ಮೊನ್ನೆ ಘತ್ತರಗಿಯಲ್ಲಿ ಚಿಕ್ಕಮ್ಮನ ಮಗಳು ಬಸುರಿ, ಅವಳ ಕುಬಸವಿತ್ತು. ಒಡಪು ಹೇಳದೆ ಆರತಿ ತಟ್ಟೆ ಮುಟ್ಟಗೊಡುವುದಿಲ್ಲ ಎಂದು ಹೆಣ್ಣುಮಕ್ಕಳು ಅಡ್ಡ ಕೂತರು. ಒಂದು ಕೇಳಿದರೆ ನಾಲ್ಕು ಹೇಳುತ್ತಿದ್ದವಳು ನಾನು. ಅಂದು ಬಾಯಿ ತೆರೆದರೆ ಒಂದೂ ಬರಲಿಲ್ಲ. ಬರಿ "ಜಗದೇವಪ್ಪ" ಎಂದುಬಿಟ್ಟೆ. "ಏನಬೇ ಸುಭದ್ರಾ, ಗಂಡನ ಹೆಸರು ಪೋಸ್ಟ್‌ಮನ್ ಕೂಗಿದಂಗ ಕೂಗಿದಿ!" ಎಂದು ಅವರಲ್ಲಿದ್ದ ಸುಮಿತ್ರಾಬಾಯಿ ಅಂದಳು. ಎಲ್ಲರೂ ನಕ್ಕರು. ನನಗೆ ಹೆದರಿಕೆಯಾಯಿತು. ಅತ್ತೆಯವರು ಏನು ಕೇಳಿದರೂ ಇತ್ತೀಚೆಗೆ "ಹೂಂ", "ಆತು" ಎನ್ನುವುದೇ ನನಗೂ ರೂಢಿಯಾಗಿದೆ. ನಮ್ಮಿಬ್ಬರ ನಡುವೆಯೂ ಅಷ್ಟೇ ಉಳಿದರೆ, ಒಂದೇ ಖೋಲಿಯಲ್ಲಿದ್ದು ಏನು ಮಾಡುವುದು?

ಮದುವೆಯಾಗಿ ಬಂದ ದಿನ ನಿಮ್ಮ ತಂಗಿಯರು ಹೊಸ್ತಿಲಿಗೆ ಅಡ್ಡ ನಿಂತಿದ್ದರು. ನೀವು ನಾಚದೆ, "ಅಫಜಲಪುರದ ಬಿಳಿಜ್ವಾಳ, ಆಳಂದದ ತೊಗರಿಬ್ಯಾಳಿ, ಸುಭದ್ರಾಬಾಯಿ ಒಳಗ ಬಂದ್ರ ನನ್ನ ಮನಿಗೆಲ್ಲ ಕಳಿ" ಎಂದಿರಿ. ತವರೂರು ಆಳಂದ ಬಿಟ್ಟು ಬಂದ ಅಳು ಅಲ್ಲೇ ನಿಂತಿತು. ಬಲಗಾಲಿಟ್ಟು ಒಳಗೆ ಬಂದೆ.

ಅಂಥ ಒಂದು ಮಾತು ನಿಮ್ಮಿಂದ ಬರುವ ತನಕ ನಾನು ಆ ಖೋಲಿಯೊಳಗೆ ಕಾಲಿಡುವುದಿಲ್ಲ. ಅತ್ತೆಯವರಿಗೂ ಹಾಗೇ ಹೇಳಿದ್ದೇನೆ.

ಇಂತಿ,
ತೊಗರಿಬ್ಯಾಳಿ ಊರಿನವಳು,
ಸುಭದ್ರಾ

ತಾ.ಕ.: ಇದನ್ನು ಅಂಚೆಗೆ ಹಾಕಲಿಲ್ಲ. ಈ ಸಾಲುಗಳನ್ನು ಹೈದರಾಬಾದ್ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿದಿದ್ದರೆ ರಸ್ತೆಯ ತಪ್ಪು. ಪತ್ರವನ್ನು ಖೋಲಿಯ ಬಾಗಿಲಲ್ಲಿ ನಿಮ್ಮ ಕೈಗೇ ಕೊಡುತ್ತೇನೆ. ಅಡ್ಡ ನಿಲ್ಲಲು ಅಲ್ಲಿ ನಿಮ್ಮ ತಂಗಿಯರಿಲ್ಲ, ಆದ್ದರಿಂದ ನಾನೇ ಹೊಸ್ತಿಲಾಚೆ ನಿಂತಿರುತ್ತೇನೆ. ಓದಿ ಮುಗಿಯಿತಾ? ತಲೆ ಎತ್ತಿರಿ. ಹೊಸದೊಂದು ಒಡಪು ಹೇಳಿರಿ, ಅದರಲ್ಲಿ ನನ್ನ ಹೆಸರಿರಲಿ. ಒಡಪು ಎಷ್ಟು ಉದ್ದವಾದರೂ ನಿಂತು ಕೇಳುತ್ತೇನೆ. ನನ್ನ ತಲೆಯ ಮೇಲಿನ ಗಂಟನ್ನು ಮಾತ್ರ ಮೊದಲು ಇಳಿಸಿಕೊಳ್ಳಿರಿ.